ಮನೆಯಲ್ಲಿ ಮರಗಳ ಮೇಳ



ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದ ನೆಂಟರೊಬ್ಬರು ನಡುಮನೆಯನ್ನು ಸುತ್ತಲೂ ನೋಡಿ, "ಮೇಷ್ಟ್ರೇ, ಬಾಗಿಲು ತೇಗದ್ದು, ಕುರ್ಚಿ ಬೀಟೆಯದು, ಪೆಟ್ಟಿಗೆ ಹಲಸಿನದು, ಎಲ್ಲಕ್ಕೂ ಒಂದೇ ಬಣ್ಣವನ್ನು ಬಳಿಸಿಬಿಟ್ಟರೆ ಮನೆಯು ಚೊಕ್ಕವಾಗಿ ಕಾಣುವುದಲ್ಲವೆ?" ಎಂದು ಕೇಳಿದರು. ನಾನು ಬಾಯಿಂದ ಉತ್ತರ ಹೇಳದೆ ಅವರನ್ನು ಒಳಕೋಣೆಗೆ ಕರೆದೊಯ್ದು ಒಂದು ಮಣೆಯನ್ನು ತೋರಿಸಿದೆನು. ಆ ಮಣೆಯ ವೃತ್ತಾಂತವೇ ಈ ತಿಂಗಳ ಲೇಖನಕ್ಕೆ ವಸ್ತು.

ಅದು ನನ್ನ ತಾಯಿಯವರು ಮದುವೆಯಾಗಿ ಬಂದಾಗ ತವರಿನಿಂದ ತಂದ ಹಲಸಿನ ಮಣೆ. ಹಲಸಿನ ಚೇಗು ಕೊಯ್ದ ಹೊಸದರಲ್ಲಿ ಅರಿಸಿನದಂತೆ ಹಳದಿಯಾಗಿದ್ದು, ಗಾಳಿ ಬೆಳಕುಗಳು ತಾಕಿದಂತೆಲ್ಲ ಕೆಂಪುಗೂಡಿದ ಕಂದುಬಣ್ಣಕ್ಕೆ ತಿರುಗುತ್ತದೆ. ಐವತ್ತು ವರ್ಷಗಳಿಗೂ ಮಿಕ್ಕಿದ ಬಳಕೆಯಿಂದ ಆ ಮಣೆಗೆ ಹಳೆಯ ಜೇನಿನ ಬಣ್ಣವು ಬಂದಿತ್ತು. ಮಗನ ಮದುವೆಯ ಕಾಲದಲ್ಲಿ, ಮನೆಯ ಸಾಮಾನುಗಳು ಒಂದೊಂದು ಒಂದೊಂದು ಬಣ್ಣವಾಗಿವೆಯೆಂಬ ಸಂಕೋಚದಿಂದ, ನಾನೇ ಮುಂದೆ ನಿಂತು ಎಲ್ಲಕ್ಕೂ ಕಪ್ಪುಗಂದಿನ ವಾರ್ನಿಷನ್ನು ಬಳಿಸಿದೆನು. ತಾಯಿಯವರು ಮಣೆಯನ್ನು ಕೈಯಿಂದ ಸವರಿ, "ಇದು ಯಾರದಪ್ಪ?" ಎಂದರು. ಬೇರೇನನ್ನೂ ಹೇಳಲಿಲ್ಲ, ಮತ್ತೆ ಅದರ ಮೇಲೆ ಕುಳಿತುಕೊಳ್ಳಲೂ ಇಲ್ಲ. ಅವರು ತೀರಿಕೊಂಡ ಮೇಲೆ ಬಡಗಿಯನ್ನು ಕರೆಸಿ ಹೆರೆಸಿದೆನು. ವಾರ್ನಿಷು ಹೋಯಿತು, ಅದರೊಡನೆ ಐವತ್ತು ವರ್ಷಗಳ ಬಣ್ಣವೂ ಹೋಯಿತು. ಒಳಗಿನ ಹಸುಳೆ ಹಳದಿಯು ಮೇಲಕ್ಕೆ ಬಂದಿತು.

ಅಂದಿನಿಂದ ನಾನು ಈ ವಿಷಯವನ್ನು ಸ್ವಲ್ಪ ಶ್ರದ್ಧೆಯಿಂದ ವಿಚಾರಮಾಡಿರುವೆನು. ಮೇಳವೆಂದರೆ ಏಕರೂಪತೆಯಲ್ಲ. ವೀಣೆಯನ್ನು ಮಾಡುವುದೂ ಹಲಸಿನ ಮರದಿಂದಲೇ. ಆದಕಾರಣ ಸಂಗೀತದ ದೃಷ್ಟಾಂತವನ್ನೇ ಕೊಡುತ್ತೇನೆ. ಷಡ್ಜದೊಡನೆ ಪಂಚಮವನ್ನು ನುಡಿಸಿದರೆ ಕಿವಿಗೆ ಹಿತ. ಷಡ್ಜಕ್ಕೆ ಕೂದಲೆಳೆಯಷ್ಟು ತಪ್ಪಿದ ಸ್ವರವನ್ನು ನುಡಿಸಿದರೆ ಕರ್ಕಶ. ಮರಗಳಲ್ಲಿಯೂ ಹಾಗೆಯೇ. ಹೊಂಬಣ್ಣದ ತೇಗದ ಪಕ್ಕದಲ್ಲಿ ನೇರಳೆಗಪ್ಪಿನ ಬೀಟೆಯು ಶೋಭಿಸುತ್ತದೆ. ತೇಗದ ಪಕ್ಕದಲ್ಲಿ ತೇಗವನ್ನು ಅನುಕರಿಸಲು ಹೋಗಿ ಸ್ವಲ್ಪ ತಪ್ಪಿದ ಪ್ಲೈವುಡ್ಡಿನ ಕಪಾಟು ನಿಂತರೆ, ಎರಡೂ ಕಳೆಗುಂದುತ್ತವೆ. ಭೇದವು ಸ್ಪಷ್ಟವಾಗಿರಬೇಕು, ಇಲ್ಲವೆ ಇರಲೇಬಾರದು.

ಇದಕ್ಕೆ ನಮ್ಮ ನಾಡಿನಲ್ಲಿಯೇ ಪ್ರಮಾಣವುಂಟು. ಮೈಸೂರಿನ ಕುಶಲಕರ್ಮಿಗಳು ಬೀಟೆಯ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ತಕ್ಕಂತೆ ಕುಳಿಗಳನ್ನು ತೋಡಿ, ಬೇರೆ ಬೇರೆ ಬಣ್ಣದ ಮರಗಳ ತೆಳುಚೂರುಗಳನ್ನು ಅವುಗಳಲ್ಲಿ ಕೂರಿಸಿ, ಆನೆಯನ್ನೋ ಹಳ್ಳಿಯ ನೋಟವನ್ನೋ ಮೂಡಿಸುತ್ತಾರೆ. ಮರಗಳೆಲ್ಲ ಒಂದೇ ಬಣ್ಣವಾಗಿದ್ದರೆ ಚಿತ್ರವೆಲ್ಲಿಯದು? ಹಿಂದೆ ದಂತವನ್ನೂ ಕೂರಿಸುತ್ತಿದ್ದರು. ೧೮೯೭ರಲ್ಲಿ ಹಳೆಯ ಅರಮನೆಯು ಸುಟ್ಟುಹೋದ ಬಳಿಕ ಕಟ್ಟಲು ತೊಡಗಿ ೧೯೧೨ರಲ್ಲಿ ಮುಗಿಸಿದ ಮೈಸೂರಿನ ಅರಮನೆಯಲ್ಲಿ, ಅಂಬಾವಿಲಾಸದ ಬೀಟೆಯ ಬಾಗಿಲಿನ ಮೇಲೆ ಅಂತಹ ದಂತದ ಕೆಲಸವನ್ನು ಕಾಣಬಹುದು. ಈಗ ದಂತದ ವ್ಯಾಪಾರವು ನಿಷಿದ್ಧವಾಗಿದೆ. ಆದರೂ ಕಲೆಯು ನಿಂತಿಲ್ಲ.

ಇನ್ನು ಗೃಹಸ್ಥರು ಅನುಸರಿಸಬಹುದಾದ ಕೆಲವು ಮಾತುಗಳನ್ನು ಹೇಳುವೆನು.

ಮೊದಲನೆಯದಾಗಿ, ಕೋಣೆಗೆ ಒಂದು ಮರವು ಪ್ರಧಾನವಾಗಿರಲಿ. ಬಾಗಿಲು, ಕಿಟಕಿ, ತೊಲೆಗಳು ಯಾವ ಮರದವೋ ಅದೇ ಪ್ರಧಾನವೆಂದು ತಿಳಿಯಿರಿ. ಉಳಿದವು ಒಂದೆರಡು ಬಗೆಯವಾದರೆ ಸಾಕು, ನಾಲ್ಕೈದಾದರೆ ಸಂತೆಯಾಗುತ್ತದೆ.

ಎರಡನೆಯದಾಗಿ, ಮರದ ಒಳಬಣ್ಣವನ್ನು ಹಗಲಿನ ಬೆಳಕಿನಲ್ಲಿ, ಪಕ್ಕಕ್ಕೆ ಬಿಳಿಯ ಕಾಗದವನ್ನು ಹಿಡಿದು ನೋಡಿರಿ. ತೇಗ, ಹೊನ್ನೆ, ಹಲಸುಗಳಲ್ಲಿ ಹಳದಿಯ ಛಾಯೆಯುಂಟು, ಬೀಟೆಯಲ್ಲಿ ನೇರಳೆಯದು. ಮೆರುಗು ಕೊಡದ ಹೊಸ ಹಲಗೆಯಾದರೆ ಒದ್ದೆಯ ಬಟ್ಟೆಯಿಂದ ಒಮ್ಮೆ ಒರಸಿರಿ. ಎಣ್ಣೆ ಕೊಟ್ಟ ಮೇಲೆ ಬರುವ ಬಣ್ಣವು ಹೆಚ್ಚು ಕಡಮೆ ಆಗಲೇ ತೋರುತ್ತದೆ. ಹೊನ್ನೆಯು ಮಾತ್ರ ನೀರು ತಗುಲಿದರೆ ಹಳದಿಯ ಕಲೆಯನ್ನು ಬಿಡುತ್ತದೆ. ಬಟ್ಟೆಯ ಆಸೆಯನ್ನು ಬಿಟ್ಟು ಒರಸಿರಿ.

ಮೂರನೆಯದಾಗಿ, ಯಾವ ಬಣ್ಣವನ್ನೂ ಒಂಟಿಯಾಗಿ ನಿಲ್ಲಿಸಬೇಡಿರಿ. ಬೀಟೆಯ ಕುರ್ಚಿಯೊಂದು ಒಂದು ಮೂಲೆಯಲ್ಲಿದ್ದರೆ, ಎದುರುಗೋಡೆಯಲ್ಲಿ ಬೀಟೆಯ ಚೌಕಟ್ಟಿನ ಪಟವೊಂದು ಇರಲಿ. ಆಗ ಕುರ್ಚಿಯು ಅತಿಥಿಯಂತೆ ತೋರದೆ ಮನೆಯವರಲ್ಲಿ ಒಬ್ಬನಂತೆ ತೋರುವುದು. ಎರಡು ಮರಗಳು ಹೊಂದದೆ ಜಗಳವಾಡುವಂತಿದ್ದರೆ ನಡುವೆ ಒಂದು ಚಾಪೆಯನ್ನೋ ಜಮಖಾನವನ್ನೋ ಹಾಸಿರಿ. ಅದೇ ರಾಜಿ ಮಾಡುತ್ತದೆ.

ಕೊನೆಯದಾಗಿ, ಕಾಲಕ್ಕೆ ಸ್ವಲ್ಪ ಅವಕಾಶವನ್ನು ಕೊಡಿರಿ. ಹೊಸ ತೇಗದಲ್ಲಿ ಕಾಣುವ ಹಸುರುಮಚ್ಚೆಗಳು ಬೆಳಕು ತಾಕುತ್ತ ಅಡಗಿ ಹೊಂಬಣ್ಣದಲ್ಲಿ ಸೇರಿಹೋಗುತ್ತವೆ. ಇಂದು ಹೊಂದದ ಹೊಸ ಮೇಜು ನಾಲ್ಕು ವರ್ಷದಲ್ಲಿ ತಾನಾಗಿಯೇ ಹೊಂದಬಹುದು. ಅಷ್ಟರವರೆಗೆ ಅದರ ಮೇಲೆ ಒಂದೇ ಕಡೆಯಲ್ಲಿ ವಸ್ತುಗಳನ್ನಿಟ್ಟು ಬಿಡಬೇಡಿರಿ. ಬೆಳಕು ಬೀಳದ ಜಾಗವು ಬೇರೆ ಬಣ್ಣವಾಗಿ ಉಳಿಯುತ್ತದೆ. ಹಳೆಯ ವಸ್ತುವಿಗೆ ಬಣ್ಣವಿಲ್ಲದ ಎಣ್ಣೆಯನ್ನು ತೆಳುವಾಗಿ ಒರಸಿದರೆ ಸಾಕು. ಗಾಢವಾದ ವಾರ್ನಿಷನ್ನು ಬಳಿಯುವುದಕ್ಕೆ ಒಂದು ಹಗಲು ಸಾಕು. ಅದು ಮುಚ್ಚಿದ್ದನ್ನು ಮರಳಿ ಪಡೆಯುವುದಕ್ಕೆ ಒಂದು ಆಯುಷ್ಯವೇ ಬೇಕಾದೀತು. ಆದುದರಿಂದ ಬಳಿಯುವ ಮೊದಲು, ಆ ವಸ್ತುವನ್ನು ಯಾರು ತಂದರೋ, ಯಾರು ಬಳಸುತ್ತಿರುವರೋ ಅವರನ್ನು ಒಂದು ಮಾತು ಕೇಳಿರಿ. ನಾನು ಕೇಳಲಿಲ್ಲ.

ನೆಂಟರು ಮಣೆಯನ್ನು ನೋಡಿ, "ಇದು ಹೊಸದೇ?" ಎಂದರು. ಇತ್ತೀಚೆಗೆ ಅದರ ಅಂಚಿನಲ್ಲಿ ಕೆಂಪು ತೋರತೊಡಗಿದೆ. ಮೊಮ್ಮಗಳು ದಿನವೂ ಅದರ ಮೇಲೆ ಕುಳಿತು ಉಣ್ಣುತ್ತಾಳೆ. ಅದು ಹಿಂದಿನ ಬಣ್ಣಕ್ಕೆ ಬರುವುದನ್ನು ನಾನು ನೋಡಲಾರೆನು, ಅವಳು ನೋಡುವಳು.