ಮದುಮಗನ ಕುದುರೆ ಹಿಡಿದ ದಾರಿ

ಅಜ್ಜಿಕತೆಯನ್ನು ಇಂದಿನ ಸಣ್ಣಕತೆಯಾಗಿ ಬರೆಯಲು ಹೊರಟವರು ಹೆಚ್ಚಾಗಿ ಮೊದಲು ತಿದ್ದುವುದು ಅದರ ಕೊನೆಯನ್ನು. ರಾಜಕುಮಾರಿ ಮದುವೆ ಒಲ್ಲೆ ಎನ್ನುತ್ತಾಳೆ, ರಾಕ್ಷಸ ಒಳ್ಳೆಯವನಾಗಿಬಿಡುತ್ತಾನೆ. ಅಷ್ಟರಿಂದ ಕತೆ ಹೊಸದಾಗುವುದಿಲ್ಲ. ಹಳೆಯ ಕತೆಯ ಜೀವ ಅದರ ಕಟ್ಟಳೆಯಲ್ಲಿದೆ. ಆ ಕಟ್ಟಳೆ ನಮ್ಮ ಬದುಕಿನಲ್ಲಿ ಎಲ್ಲಿ ಬಂದು ಕೂರುತ್ತದೆಂದು ಹುಡುಕುವುದೇ ಕತೆಗಾರನ ಕೆಲಸ.

ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, ಹುಡುಗಿ ಹೂವಿನ ಮರವಾಗುವ ಕತೆಯನ್ನೇ ನೋಡಿ. ಎರಡು ಬಿಂದಿಗೆ ನೀರು ತರಬೇಕು, ಉಗುರು ತಾಕಿಸಬಾರದು. ಒಂದನ್ನು ಸುರಿದರೆ ಮರ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಹೂ ಬಿಡಿಸುವಾಗ ಟೊಂಗೆ ಮುರಿಯಬಾರದು. ನಾದಿನಿ ಮತ್ತವಳ ಗೆಳತಿಯರು ಟೊಂಗೆ ಮುರಿದು, ನೀರನ್ನೂ ಹೇಗೆಂದರೆ ಹಾಗೆ ಚೆಲ್ಲಿ ಹೋಗುತ್ತಾರೆ. ಕೈಕಾಲಿಲ್ಲದ ಮೈ ಮಾತ್ರ ಉಳಿಯುತ್ತದೆ. ಎಂಥ ಭಯಂಕರ ಸಂಗತಿ! ಇದನ್ನು ಹೊತ್ತುಗೊತ್ತಿಗಷ್ಟೇ ನಲ್ಲಿಯಲ್ಲಿ ನೀರು ಬರುವ ಮುಂಬೈಯ ಚಾಳಿಗೆ ತನ್ನಿ. ಎರಡನೆಯ ಬಿಂದಿಗೆ ತುಂಬುವ ಮೊದಲೇ ನೀರು ನಿಂತರೆ ಆ ಹುಡುಗಿಯ ಗತಿ? ಮಾಯೆಯ ಒಂದೆಳೆಯನ್ನೂ ಕಳಚದೆ ಕತೆ ಆ ಊರಿನದಾಗುತ್ತದೆ.

ಮಹಾನಗರಕ್ಕೆ ಮಾಯೆ ಒಗ್ಗುವುದಿಲ್ಲ, ಲೋಕಲ್ ರೈಲಿನಲ್ಲಿ ನೇತಾಡುವವನಿಗೆ ಏಳು ಸಮುದ್ರದಾಚೆಯ ಗಿಳಿ ಏಕೆ ಎಂದು ಕೇಳಬಹುದು. ಈ ಮಾತಿಗೆ ಜಯಂತ ಕಾಯ್ಕಿಣಿ ಕತೆಯಲ್ಲೇ ಉತ್ತರ ಕೊಟ್ಟಿದ್ದಾರೆ. ಗೋಕರ್ಣದಿಂದ ಹೋಗಿ ಎರಡು ದಶಕಕ್ಕೂ ಹೆಚ್ಚು ಕಾಲ ಮುಂಬೈಯಲ್ಲಿ ದುಡಿದು ಬದುಕಿದ ಅವರ ‘ದಗಡೂ ಪರಬನ ಅಶ್ವಮೇಧ’ದಲ್ಲಿ, ಮದುಮಗನನ್ನು ಹೊತ್ತ ಕುದುರೆ ದಿಬ್ಬಣ ಬಿಟ್ಟು ಓಡುತ್ತದೆ. ಕುದುರೆಯೇರಿ ಬರುವ ರಾಜಕುಮಾರನೂ ಹೋದಲ್ಲೆಲ್ಲ ನೆಲ ಗೆಲ್ಲುವ ಯಾಗದ ಕುದುರೆಯೂ ಇಲ್ಲಿ ಒಟ್ಟಿಗೆ ನೆನಪಾಗುತ್ತವೆ. ಆದರೆ ಇದು ಒಂದು ಖೋಲಿಗಾಗಿ ಜನ ಜನ್ಮ ಸವೆಸುವ ಊರು. ಸವಾರನ ಕೈಯಲ್ಲಿ ಲಗಾಮೂ ನಿಲ್ಲದು. ಕತೆಯಲ್ಲಿ ಮಂತ್ರವಿಲ್ಲ, ರಾಕ್ಷಸನಿಲ್ಲ. ಕುದುರೆ ಕೊಂಡೊಯ್ದಲ್ಲಿಗೆ ಹೋಗಲೇಬೇಕೆಂಬ ಅಜ್ಜಿಕತೆಯ ಕಟ್ಟಳೆಯಷ್ಟೇ ಇದೆ, ಅದೂ ಮೆರವಣಿಗೆಯ ಗದ್ದಲದ ನಡುವೆ.

ಕಾಯ್ಕಿಣಿಯವರನ್ನು ಬರೀ ನಗರದ ಕತೆಗಾರರೆಂದು ಓದಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಮಾಟುಂಗ, ಡೊಂಬಿವಲಿಗಳ ಕನ್ನಡದ ಮನೆಗಳಲ್ಲಿ ಅಜ್ಜಿಯಿಂದ ಕೇಳಿದ ಕತೆಗಳನ್ನು ಊರಿನ ನೆನಪೆಂದು ಎತ್ತಿಟ್ಟಿರುವ ಹೊಸ ಬರಹಗಾರರು ಒಮ್ಮೆ ಈ ಕುದುರೆಯ ಜಾಡು ಹಿಡಿದು ನೋಡಲಿ.