ಬುಷ್: ರಬ್ಬರೋ, ಪಾಲಿಯುರೆಥೇನೋ?

ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಯ ಕಮಾನ್ ಪಟ್ಟಾ ಬಿಚ್ಚುವುದನ್ನು ನಿಂತು ನೋಡಿದ ವಿದ್ಯಾರ್ಥಿಗೆ ಬುಷ್ ಎಂದರೇನೆಂದು ಹೇಳಬೇಕಿಲ್ಲ. ಕಾರಿನಲ್ಲೂ ಅದಿದೆ. ಚಕ್ರದ ಆರ್ಮ್ ಚಾಸಿಗೆ ಸೇರುವಲ್ಲಿ, ಎರಡು ಉಕ್ಕಿನ ಕೊಳವೆಗಳ ನಡುವೆ ಅಂಟಿಕೂತ ರಬ್ಬರು. ಆರ್ಮ್ ಮೇಲೆ ಕೆಳಗೆ ಆಡಿದಾಗ ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ರಸ್ತೆಯ ನಡುಕವನ್ನೂ ನುಂಗುತ್ತದೆ.

ಸ್ಪೋರ್ಟ್ಸ್ ಕಾರಿನ ಶೋಕಿಯವರಿಗೆ ಈ ಮೆತುತನವೇ ತಕರಾರು. ತಿರುವಿನಲ್ಲಿ ರಬ್ಬರು ಅದುಮಿ ಚಕ್ರದ ಕೋನ ತುಸು ತಪ್ಪುತ್ತದೆ. ಅದಕ್ಕೇ ಗಡಸು ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ತಂಡ ಕಂಡುಹಿಡಿದ ವಸ್ತು. ಸ್ಟಿಯರಿಂಗ್ ಚುರುಕಾಗುತ್ತದೆ, ನಿಜ. ಆದರೆ ಇದು ಕೊಳವೆಗೆ ಅಂಟಿರುವುದಿಲ್ಲ, ಅದರ ಮೇಲೆ ಉಜ್ಜಿ ತಿರುಗುತ್ತದೆ. ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಹುಮನಾಬಾದ್ ಹೆದ್ದಾರಿ ಬಿಟ್ಟು ಹಳ್ಳಿಯ ದಾರಿಗಿಳಿದರೆ ಪ್ರತಿ ಕಲ್ಲೂ ಸೀಟಿಗೆ ತಿಳಿಯುತ್ತದೆ.

ಮಗ ಹಟ ಹಿಡಿದರೆ, ಮೊದಲು ಹಳೆಯ ರಬ್ಬರು ಬಿರಿದಿದೆಯೇ ನೋಡಿಸಿ. ಬಿರಿದಿದ್ದರೆ ಹೊಸ ರಬ್ಬರನ್ನೇ ಹಾಕಿ ತಿಂಗಳೊಂದು ಓಡಿಸಲಿ. ಅನೇಕ ವೇಳೆ ಸಡಿಲು ಅದರಲ್ಲೇ ಹೋಗುತ್ತದೆ.