ಚಂದ್ರ ತಪ್ಪಿದರೆ ಬೀಳುವುದೆಲ್ಲಿ?

ಚೆನ್ನೈನ ಶಾಲೆಗಳಲ್ಲಾಗಲಿ, ಸಂಘಗಳಲ್ಲಾಗಲಿ, ಬಹುಮಾನ ವಿತರಣೆಯ ದಿನ ಮುಖ್ಯ ಅತಿಥಿಗಳು ತಪ್ಪದೆ ಆಡುವ ಮಾತೊಂದುಂಟು: ಚಂದ್ರನಿಗೇ ಗುರಿಯಿಡಿರಿ, ಗುರಿ ತಪ್ಪಿದರೂ ನಕ್ಷತ್ರಗಳ ನಡುವೆ ಇಳಿಯುವಿರಿ. ಸಭೆ ಕರತಾಡನ ಮಾಡುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ವಿಜ್ಞಾನದ ಅಧ್ಯಾಪಕರೂ ಚಪ್ಪಾಳೆ ತಟ್ಟುತ್ತಾರೆ. ವೃತ್ತಿಧರ್ಮದ ಪ್ರಕಾರ ಅವರು ಎದ್ದು ನಿಂತು ಆಕ್ಷೇಪಿಸಬೇಕಾಗಿತ್ತು. ಚಂದ್ರನಿರುವುದು ಭೂಮಿಯಿಂದ ಸರಾಸರಿ 3,84,400 ಕಿಲೋಮೀಟರು ದೂರದಲ್ಲಿ. ಸೂರ್ಯನನ್ನು ಬಿಟ್ಟರೆ ಅತಿ ಸಮೀಪದ ನಕ್ಷತ್ರದಿಂದ ಹೊರಟ ಬೆಳಕೇ ಇಲ್ಲಿಗೆ ತಲುಪಲು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಚಂದ್ರನನ್ನು ತಪ್ಪಿಸಿಕೊಂಡ ಬಾಲಕನು ಅಲ್ಲಿಗೆ ಸೇರುವ ಹೊತ್ತಿಗೆ ಪರೀಕ್ಷೆಯ ಫಲಿತಾಂಶವಿರಲಿ, ಪರೀಕ್ಷಾ ಮಂಡಲಿಯೇ ಉಳಿದಿರಲಾರದು.

ಈ ಸೂಕ್ತಿಯನ್ನು ಅಕ್ಷರಶಃ ಒರೆಗೆ ಹಚ್ಚಿದ ಪ್ರಸಂಗವೂ ಉಂಟು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ನೌಕೆಗೆ ಗುರಿ ತಪ್ಪಿತು. ಅದು ನಕ್ಷತ್ರಗಳತ್ತ ಹೋಗಲಿಲ್ಲ. ಚಂದ್ರನ ಮೇಲೆಯೇ ಅಪ್ಪಳಿಸಿ ಚೂರಾಯಿತು. ಅದರ ಅವಶೇಷವನ್ನು ಮೊದಲು ಗುರುತಿಸಿದವರು ಚೆನ್ನೈನ ತಂತ್ರಜ್ಞ ಷಣ್ಮುಗ ಸುಬ್ರಮಣಿಯನ್. ನಾಸಾ ಸಂಸ್ಥೆಯ ನೌಕೆಯೊಂದು ತೆಗೆದ ಚಿತ್ರಗಳಲ್ಲಿ ಪತನಕ್ಕೆ ಮುಂಚಿನವನ್ನೂ ಅನಂತರದವನ್ನೂ ಅಕ್ಕಪಕ್ಕದಲ್ಲಿಟ್ಟು, ಬಿಂದು ಬಿಂದುವನ್ನೂ ಹೋಲಿಸಿ ಅವರು ಅದನ್ನು ಕಂಡುಹಿಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ನಾಸಾ ಅದನ್ನು ದೃಢಪಡಿಸಿತು. ಆಕಾಶಕ್ಕೆ ಏಣಿ ಹಾಕದೆ, ಕುರ್ಚಿಯಲ್ಲಿ ಕುಳಿತೇ ಚಂದ್ರನನ್ನು ಶೋಧಿಸಿದ ಈ ಸಾಧನೆ ಭಾಷಣಗಳಲ್ಲಿ ಕೇಳಿಬರುವುದು ಅಪರೂಪ.

ಅನಂತರ ಇಸ್ರೋ ಮಾಡಿದ್ದಂತೂ ಭಾಷಣಕಾರರಿಗೆ ಸ್ವಲ್ಪವೂ ರುಚಿಸಲಾರದು. ವಿಜ್ಞಾನಿಗಳು ಗುರಿಯನ್ನು ಮತ್ತಷ್ಟು ಎತ್ತರಕ್ಕೇರಿಸಲಿಲ್ಲ, ಅಗಲ ಮಾಡಿದರು. ಮೊದಲು 500 ಮೀಟರು ಉದ್ದ, ಅಷ್ಟೇ ಅಗಲವಿದ್ದ ಇಳಿದಾಣವನ್ನು 4 ಕಿಲೋಮೀಟರು ಉದ್ದಕ್ಕೆ, 2.5 ಕಿಲೋಮೀಟರು ಅಗಲಕ್ಕೆ ಹಿಗ್ಗಿಸಿದರು. ಇಂಧನವನ್ನು ಹೆಚ್ಚಿಸಿದರು, ನೌಕೆಯ ಕಾಲುಗಳನ್ನು ಗಟ್ಟಿಗೊಳಿಸಿದರು, ಏನೇನು ಕೆಡಬಹುದೆಂಬುದನ್ನು ಮುಂಚಿತವಾಗಿಯೇ ಲೆಕ್ಕ ಹಾಕಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುಖವಾಗಿ ಇಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ತಿರುಗಿಸಿ, ಕಾಲಿಗೆ ಸಾಲುವಂತೆ ಹಾಸಿಗೆಯನ್ನೇ ದೊಡ್ಡದು ಮಾಡಿದ ಜಾಣತನವಿದು.

ಹಾಸಿಗೆಯ ಪ್ರಸ್ತಾಪ ಬಂದ ಮೇಲೆ ನಿದ್ರೆಯನ್ನು ಮರೆಯುವಂತಿಲ್ಲ. ನಿದ್ರೆಯಲ್ಲಿ ಕಾಣುವುದು ಕನಸಲ್ಲ, ನಿದ್ರೆಗೆಡಿಸುವುದೇ ಕನಸು ಎಂಬರ್ಥದ ಮಾತು ಅಬ್ದುಲ್ ಕಲಾಂ ಅವರ ಹೆಸರಿನಲ್ಲಿ ಪ್ರಚಾರದಲ್ಲಿದೆ. ಇದೇ ನಗರದ ಕ್ರೋಂಪೇಟೆಯ ಎಂ.ಐ.ಟಿ.ಯಲ್ಲಿ ವಿಮಾನತಂತ್ರ ಕಲಿತ ಆ ಹಿರಿಯರ ಹೆಸರಿನ ಮಾತೆಂದರೆ ಮನೆಮನೆಯಲ್ಲೂ ಗೌರವ. ಮಾತಿನ ತಾತ್ಪರ್ಯ ಹಂಬಲ. ನೀಟ್ ಪರೀಕ್ಷೆಗೆ ಮಗನನ್ನು ಸಿದ್ಧಗೊಳಿಸುವ ತಂದೆಯೋ ಅದನ್ನು ವೈದ್ಯರ ಚೀಟಿಯಂತೆ ಪಾಲಿಸುತ್ತಾರೆ: ರಾತ್ರಿ ಹನ್ನೆರಡಕ್ಕೆ ಪುಸ್ತಕ ಮುಚ್ಚಬೇಕು, ನಾಲ್ಕಕ್ಕೆ ಫಿಲ್ಟರ್ ಕಾಫಿ ಕುಡಿದು ತೆರೆಯಬೇಕು. ನೆರೆಯವರೊಡನೆ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದೂ ಉಂಟು. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂಬುದು ನಿದ್ರಾತಜ್ಞರ ಮತ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ಬಹುಮಟ್ಟಿಗೆ ಆ ಅವಧಿಯಲ್ಲೇ. ನಿದ್ರೆಗೆಟ್ಟವನಿಗೆ ಗಮನ ಚದುರುತ್ತದೆ, ಸಿಡುಕು ಹೆಚ್ಚುತ್ತದೆ, ಮನಸ್ಸು ಕುಗ್ಗುತ್ತದೆ. ವೈದ್ಯನಾಗಹೊರಟ ಹುಡುಗನು ಪ್ರವೇಶಪತ್ರ ಬರುವ ಮುನ್ನವೇ ರೋಗಿಯಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಮಹತ್ವಾಕಾಂಕ್ಷೆ ಈಡೇರಿತೆನ್ನಲು ಅದೂ ಒಂದು ದಾರಿಯೇ!

ಅದೇ ಮನೆಯ ಅಡುಗೆಮನೆಯಲ್ಲಿ ರುಬ್ಬಿಟ್ಟ ಇಡ್ಲಿ ಹಿಟ್ಟು ಮಾತ್ರ ಮುಚ್ಚಳದಡಿ ರಾತ್ರಿಯಿಡೀ ನಿಶ್ಚಿಂತೆಯಿಂದಿರುತ್ತದೆ. ಬೇಗ ಉಬ್ಬು ಎಂದು ಅದನ್ನು ಯಾರೂ ನಡುರಾತ್ರಿಯಲ್ಲಿ ಎಬ್ಬಿಸುವುದಿಲ್ಲ.